ದಡಾರ ಎಲ್ಲಿಂದ ಬಂತು?

ವಠಾರದ ಒಂದು ಕೂಸಿಗೆ ಜ್ವರ ಬಂದು ಮೈಮೇಲೆ ಕೆಂಪು ಗುಳ್ಳೆ ಎದ್ದರೆ ಬೇಗಂ ಬಜಾರಿನಲ್ಲಿ ಕೆಲವರು ಖಸ್ರಾ ಎನ್ನುತ್ತಾರೆ, ಕೆಲವರು ತಟ್ಟು ಎನ್ನುತ್ತಾರೆ. ನಾವು ದಡಾರ ಎನ್ನುತ್ತೇವೆ. ಹೆಸರು ಮೂರಾದರೂ ಮೊದಲು ಏಳುವ ಮಾತು ಒಂದೇ: "ಇದನ್ನು ತಂದವರು ಯಾರು?" ಮೊನ್ನೆ ರಾಯಚೂರಿನಿಂದಲೋ ಕಲಬುರ್ಗಿಯಿಂದಲೋ ಬಂದ ಸಂಸಾರದ ಕಡೆಗೆ ಬೆರಳು ತಿರುಗುತ್ತದೆ. ಊಹೆಯಿಂದಲ್ಲದೆ ಪರೀಕ್ಷೆಯಿಂದ ರೋಗದ ದಾರಿ ಹುಡುಕುವ ಕ್ರಮವೊಂದಿದೆ. ಅದನ್ನು ವಾಚಕರು ತಿಳಿದಿರುವುದು ಒಳ್ಳೆಯದು.

ನಮ್ಮಲ್ಲಿ ಗುಮಾಸ್ತೆ ಕೆಲಸದವರು ಬಹಳ. ಒಂದು ಖಾತೆ ಪುಸ್ತಕವನ್ನು ಹತ್ತು ಕೈಗಳು ನಕಲು ಮಾಡಿದರೆ ಅಲ್ಲಲ್ಲಿ ಅಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನ ನಕಲುಗಳಿಗೂ ಇಳಿಯುತ್ತದೆ. ಒಂದೇ ತಪ್ಪಿರುವ ಎರಡು ಪ್ರತಿಗಳು ಒಂದೇ ಮೂಲದವೆಂದು ಅನುಭವಸ್ಥರು ಹೇಳಬಲ್ಲರು. ದಡಾರದ ವೈರಸ್ಸೂ ಹಾಗೆಯೇ. ಅದರ ವಂಶಲಿಪಿಯಲ್ಲಿ ಸುಮಾರು 15,900 ಅಕ್ಷರಗಳಿವೆ. ಅದು ಮೈಯಿಂದ ಮೈಗೆ ಹರಡುತ್ತ ನಕಲಾಗುವಾಗ ಆಗೊಮ್ಮೆ ಈಗೊಮ್ಮೆ ಒಂದಕ್ಷರ ಬದಲಾಗುತ್ತದೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಂತಹ ಪ್ರಯೋಗಶಾಲೆಗಳಲ್ಲಿ, ಬದಲಾವಣೆ ಹೆಚ್ಚಾಗಿ ಕಾಣುವ 450 ಅಕ್ಷರಗಳ ಭಾಗವನ್ನು ಓದಿ, ಇತರ ಊರುಗಳ ಮಾದರಿಗಳೊಡನೆ ಹೋಲಿಸುತ್ತಾರೆ.

ಈ ರೀತಿ 24 ಬಗೆಗಳನ್ನು ಗುರುತಿಸಲಾಗಿದೆ. ನಮ್ಮ ದೇಶದಲ್ಲಿ ಡಿ4, ಡಿ8 ಎಂಬವು ಹೆಚ್ಚಾಗಿ ಕಂಡಿವೆ. ಲಸಿಕೆಯ ವೈರಸ್ಸು 'ಎ' ಬಗೆಯದು. ಆದಕಾರಣ ಲಸಿಕೆ ಹಾಕಿದ ಮೇಲೆ ಗುಳ್ಳೆ ಎದ್ದರೆ ಅದು ಲಸಿಕೆಯಿಂದಲೋ ನಿಜವಾದ ದಡಾರದಿಂದಲೋ ಎಂದು ನಿರ್ಣಯಿಸಬಹುದು.

ಆದರೆ ಈ ವಿದ್ಯೆಗೂ ಒಂದು ಮಿತಿಯುಂಟು. 2014ರ ಡಿಸೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ವಿನೋದವನವೊಂದರಿಂದ ದಡಾರ ಹರಡಿತು. ಪರೀಕ್ಷೆಯಲ್ಲಿ ಬಿ3 ಎಂದು ತಿಳಿಯಿತು. ಅದೇ ವರ್ಷ ಫಿಲಿಪ್ಪೀನ್ಸಿನಲ್ಲಿ ಹಬ್ಬಿದ್ದೂ ಅದೇ. ಆದರೆ ಇನ್ನೂ ಅನೇಕ ದೇಶಗಳಲ್ಲಿ ಅದೇ ಬಗೆ ಇದ್ದುದರಿಂದ ಮೊದಲು ತಂದವರು ಯಾರೆಂಬುದು ಗೊತ್ತಾಗಲೇ ಇಲ್ಲ. ಗೊತ್ತಾದುದು ಇಷ್ಟು: ರೋಗ ತಗಲಿದವರಲ್ಲಿ ಬಹುಮಂದಿ ಲಸಿಕೆ ಹಾಕಿಸಿಕೊಂಡಿರಲಿಲ್ಲ, ಇಲ್ಲವೆ ಹಾಕಿಸಿಕೊಂಡ ದಾಖಲೆ ಇರಲಿಲ್ಲ.

ಹೀಗೆ ಅಕ್ಷರ ಓದಿದವರೇ ಇಂಥವರ ತಪ್ಪೆಂದು ಹೇಳದಿರುವಾಗ, ನೆರೆಮನೆಯವರನ್ನು ದೂರಲು ನಮಗೇನು ಆಧಾರ? ದೂರಿಗೆ ಹೆದರಿ ತಾಯಂದಿರು ಕೂಸನ್ನು ಒಳಗೆ ಬಚ್ಚಿಟ್ಟರೆ ರೋಗವೇ ಗೆಲ್ಲುತ್ತದೆ. ಗುಳ್ಳೆ ಎದ್ದ ಐದು ದಿನಗಳೊಳಗೆ ಗಂಟಲಿನ ಮಾದರಿ ತೆಗೆದರೆ ಬಗೆ ತಿಳಿಯುವುದು ಸುಲಭ. ಆದುದರಿಂದ ಕೂಡಲೇ ಸರಕಾರಿ ಆಸ್ಪತ್ರೆಗೆ ತೋರಿಸತಕ್ಕದ್ದು.

ಲಸಿಕೆ ಎರಡು ಸಲ: 9ರಿಂದ 12 ತಿಂಗಳೊಳಗೆ ಒಮ್ಮೆ, 16ರಿಂದ 24 ತಿಂಗಳೊಳಗೆ ಮತ್ತೊಮ್ಮೆ. ಸರಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಊರಿಗೆ ಹೋಗಿಬರುವ ನಾವು ಲಸಿಕೆಯ ಕಾರ್ಡನ್ನು ರೈಲಿನ ಟಿಕೇಟಿನಷ್ಟೇ ಜೋಪಾನವಾಗಿ ಜೊತೆಯಲ್ಲಿಟ್ಟುಕೊಳ್ಳೋಣ.