ನಿಮಗಿದು ಗೊತ್ತೇ? ಅಮ್ಮ, ಮಗಳು ಮತ್ತು ಮನೆಯೊಳಗಿನ ಗುಟ್ಟು

● ಇಲ್ಲಿ ಕೇಡು ಬಾಗಿಲು ಒಡೆದು ಬರುವುದಿಲ್ಲ, ಅಡುಗೆಮನೆಯಲ್ಲೇ ಹುಟ್ಟುತ್ತದೆ. ಇಂಥ ಥ್ರಿಲ್ಲರ್‌ಗಳಿಗೆ 2013ರಲ್ಲಿ ‘ಡೊಮೆಸ್ಟಿಕ್ ನ್ವಾರ್’ ಎಂದು ಹೆಸರಿಟ್ಟವರು ಬ್ರಿಟಿಷ್ ಲೇಖಕಿ ಜೂಲಿಯಾ ಕ್ರೌಚ್.

● ಹೆಸರು ಹೊಸದು, ಕಥೆ ಹಳೆಯದು. ಜೇಮ್ಸ್ ಎಂ. ಕೇನ್ ‘ಮಿಲ್‌ಡ್ರೆಡ್ ಪಿಯರ್ಸ್’ ಬರೆದದ್ದು 1941ರಲ್ಲಿ. ಹೆತ್ತವರಿಗೆ ಹೆಗ್ಗಣ ಮುದ್ದು. ಮಗಳು ವೀಡಾಳ ಶೋಕಿಗಾಗಿ ಅಮ್ಮ ಮಿಲ್‌ಡ್ರೆಡ್ ಹೋಟೆಲಿನಲ್ಲಿ ತಟ್ಟೆ ಹೊತ್ತು ದುಡಿಯುತ್ತಾಳೆ.

● ಆ ಕಾದಂಬರಿಯಲ್ಲಿ ಕೊಲೆಯೇ ಇಲ್ಲ! ಅದನ್ನಾಧರಿಸಿದ 1945ರ ಸಿನಿಮಾ ಶುರುವಾಗುವುದೇ ಗುಂಡಿನ ಸದ್ದಿನಿಂದ. ಆದರೆ ಎದೆಗೆ ನಾಟುವ ದೃಶ್ಯ ಬೇರೆಯೇ. ಅಮ್ಮ ಬಚ್ಚಿಟ್ಟಿದ್ದ ವೇಟ್ರೆಸ್ ಸಮವಸ್ತ್ರ ಮಗಳ ಕೈಗೆ ಸಿಗುತ್ತದೆ. ಅವಳು ಅದನ್ನು ಮನೆಗೆಲಸದಾಕೆಗೆ ತೊಡಿಸಿ ಅಮ್ಮನೆದುರು ಓಡಾಡಿಸುತ್ತಾಳೆ.

● ಆ ತಾಯಿಯ ಪಾತ್ರಕ್ಕೆ ಜೋನ್ ಕ್ರಾಫರ್ಡ್ ಆಸ್ಕರ್ ಪಡೆದರು. ಅವರು ತೀರಿಕೊಂಡ ಮರುವರ್ಷ, 1978ರಲ್ಲಿ, ಸಾಕುಮಗಳು ಕ್ರಿಸ್ಟಿನಾ ‘ಮಾಮಿ ಡಿಯರೆಸ್ಟ್’ ಪ್ರಕಟಿಸಿ, ಬಾಲ್ಯದಲ್ಲಿ ಅಮ್ಮ ಹಿಂಸಿಸಿದ್ದರೆಂದು ಆರೋಪಿಸಿದರು.

● ಗಿಲಿಯನ್ ಫ್ಲಿನ್ ಅವರ ಮೊದಲ ಕಾದಂಬರಿ ‘ಶಾರ್ಪ್ ಆಬ್ಜೆಕ್ಟ್ಸ್’ (2006). ನಾಯಕಿ ಕೆಮಿಲ್, ಬಾಯಿಬಿಟ್ಟು ಹೇಳಲಾಗದ್ದನ್ನು ತನ್ನ ಮೈಮೇಲೆ ಪದಗಳಾಗಿ ಕೊರೆದುಕೊಂಡವಳು. ಅದನ್ನಾಧರಿಸಿದ 2018ರ ಟಿವಿ ಸರಣಿಯ ಎಂಟೂ ಕಂತುಗಳಿಗೆ ಅಂಥ ಪದಗಳೇ ಶೀರ್ಷಿಕೆ.

● ಬೇಲಿಯೇ ಎದ್ದು ಹೊಲ ಮೇಯುವುದು ಬರೀ ಕಟ್ಟುಕಥೆಯಲ್ಲ. ಪಾಲಕರೇ ಮಗುವಿಗೆ ಕಾಯಿಲೆ ತರಿಸಿ, ಇಲ್ಲವೇ ಕಾಯಿಲೆಯಿದೆಯೆಂದು ಸುಳ್ಳು ಹೇಳಿ, ಆರೈಕೆಯ ನಾಟಕವಾಡುವುದಕ್ಕೆ ‘ಮುಂಚೌಸೆನ್ ಸಿಂಡ್ರೋಮ್ ಬೈ ಪ್ರಾಕ್ಸಿ’ ಎಂದು 1977ರಲ್ಲಿ ಹೆಸರಿಟ್ಟವರು ಬ್ರಿಟನ್ನಿನ ಮಕ್ಕಳ ವೈದ್ಯ ರಾಯ್ ಮೆಡೋ.

● ಅವರು ದಾಖಲಿಸಿದ ಒಂದು ಪ್ರಕರಣದಲ್ಲಿ ಆರು ವರ್ಷದ ಹುಡುಗಿಗೆ ಎಷ್ಟೋ ಪರೀಕ್ಷೆ, ಎಷ್ಟೋ ಔಷಧಿ. ಗುಟ್ಟು ರಟ್ಟಾದದ್ದು ಮೂತ್ರದ ಬಾಟಲಿಗಳಿಂದ. ಅಮ್ಮ ಜೊತೆಗಿದ್ದಾಗ ಹಿಡಿದದ್ದರಲ್ಲಿ ರಕ್ತ, ಕೀವು. ನರ್ಸ್ ಕಣ್ಣೆದುರೇ ಹಿಡಿದದ್ದರಲ್ಲಿ ಏನೂ ಇಲ್ಲ!

● 2020ರ ‘ರನ್’ ಸಿನಿಮಾದ ತಿರುಳೂ ಅಮ್ಮ ಕೊಡುವ ಮಾತ್ರೆಯೇ. ನಿರ್ದೇಶಕ ಅನೀಶ್ ಚಾಗಂಟಿ ಭಾರತೀಯ ಮೂಲದವರು. ಮಗಳಾಗಿ ನಟಿಸಿದ ಕೀರಾ ಅಲೆನ್ ನಿಜಜೀವನದಲ್ಲೂ ವ್ಹೀಲ್‌ಚೇರ್ ಬಳಸುವವರು.

● ‘ಶಾರ್ಪ್ ಆಬ್ಜೆಕ್ಟ್ಸ್’ ನಡೆಯುವುದು ಅಮೆರಿಕದ ಮಿಸೌರಿಯಲ್ಲಿ. ಅದೇ ರಾಜ್ಯದಲ್ಲಿ ಒಬ್ಬ ಅಮ್ಮ, ನಡೆಯಬಲ್ಲ ಮಗಳನ್ನು ವರ್ಷಗಟ್ಟಲೆ ವ್ಹೀಲ್‌ಚೇರ್‌ನಲ್ಲಿ ಕೂರಿಸಿದ್ದಳು. ನೋಡಿದವರಲ್ಲಿ ಹಲವರು ‘ಎಂಥಾ ತಾಯಿ!’ ಎಂದು ಮೆಚ್ಚಿಕೊಂಡಿದ್ದರು. ನಿಜ ಜಗತ್ತಿಗೆ ತಿಳಿದದ್ದು 2015ರಲ್ಲಿ, ಆ ಅಮ್ಮನ ಕೊಲೆಯಾದ ಮೇಲೆ. ಅಮ್ಮ ಪಕ್ಕದಲ್ಲಿಲ್ಲದಾಗ ಯಾರಾದರೊಬ್ಬರು ಆ ಹುಡುಗಿಯನ್ನು ಕೂರಿಸಿಕೊಂಡು ‘ಹೇಗಿದ್ದೀಯ ಮಗು?’ ಎಂದು ಕೇಳಿ, ಅವಳು ಹೇಳಿದ್ದನ್ನು ನಂಬಿದ್ದರೆ ಎರಡು ಬದುಕು ಉಳಿಯುತ್ತಿದ್ದವೇನೋ.