ಬ್ರೇಕ್ ಪ್ಯಾಡ್ ಬದಲಿಸಿದರೆ ಕಾರು ಬೇಗ ನಿಲ್ಲುವುದೆ?

ಹಳೆಯ ಕಾರು ಕೊಂಡವರು ಮೊದಲು ಹೇಳುವ ದೂರುಗಳಲ್ಲಿ ‘ಬ್ರೇಕು ಸಾಲದು’ ಎಂಬುದೂ ಒಂದು. ಬಿಡಿಭಾಗಗಳ ಅಂಗಡಿಯಲ್ಲಿ ಇದಕ್ಕೆ ಪರಿಹಾರ ಸಿದ್ಧವಾಗಿಯೇ ಇರುತ್ತದೆ. ಕಾರಿನೊಡನೆ ಬಂದ ಪ್ಯಾಡನ್ನು ತೆಗೆದು, ಬೇರೆ ತಯಾರಕರ ‘ಹೆಚ್ಚು ಹಿಡಿತದ’ ಪ್ಯಾಡನ್ನು ಹಾಕಿಸಬೇಕು, ಅಷ್ಟೆ. ಅಗ್ಗದ ಪ್ಯಾಡುಗಳೂ ಉಂಟು, ಅದರ ಹಲವು ಪಟ್ಟು ಬೆಲೆಯವೂ ಉಂಟು. ಹೆಚ್ಚು ಹಣ ತೆತ್ತರೆ ಕಾರು ಹೆಚ್ಚು ಬೇಗ ನಿಲ್ಲುವುದೆ? ಈ ಪ್ರಶ್ನೆಗೆ ಅಂಗಡಿಯವರ ಮಾತಿಗಿಂತ ಪ್ರೌಢಶಾಲೆಯ ಭೌತಶಾಸ್ತ್ರದ ಪುಸ್ತಕವೇ ಚೆನ್ನಾಗಿ ಉತ್ತರ ಕೊಡಬಲ್ಲುದು.

ಪೆಡಲನ್ನು ತುಳಿದಾಗ ಕೊಳವೆಯೊಳಗಿನ ದ್ರವದ ಮೂಲಕ ಒತ್ತಡವು ಚಕ್ರದ ಬಳಿಯ ಕ್ಯಾಲಿಪರಿಗೆ ತಲುಪುತ್ತದೆ. ಚಕ್ರದೊಡನೆ ತಿರುಗುತ್ತಿರುವ ಕಬ್ಬಿಣದ ಡಿಸ್ಕನ್ನು ಎರಡು ಪ್ಯಾಡುಗಳು ಎರಡು ಕಡೆಯಿಂದ ಅದುಮಿ ಹಿಡಿಯುತ್ತವೆ. ಇವುಗಳ ನಡುವಣ ಘರ್ಷಣೆಯಿಂದ ಚಕ್ರದ ವೇಗ ತಗ್ಗುತ್ತದೆ. ಆದರೆ ತಗ್ಗಿದ್ದು ಚಕ್ರದ ವೇಗ ಮಾತ್ರ. ಕಾರನ್ನು ಹಿಂದಕ್ಕೆ ತಳ್ಳುವ ಬಲ ಹೊರಗಿನಿಂದಲೇ ಬರಬೇಕು. ಟಯರನ್ನು ರಸ್ತೆಯು ಹಿಂದಕ್ಕೆ ತಳ್ಳುವ ಘರ್ಷಣೆಯೇ ಆ ಬಲ. ಹೀಗೆ ಇಲ್ಲಿ ಎರಡು ಘರ್ಷಣೆಗಳಿವೆ: ಪ್ಯಾಡು ಮತ್ತು ಡಿಸ್ಕಿನ ನಡುವೆ ಒಂದು, ಟಯರು ಮತ್ತು ರಸ್ತೆಯ ನಡುವೆ ಇನ್ನೊಂದು. ಇವೆರಡರಲ್ಲಿ ಯಾವುದು ಮೊದಲು ಸೋಲುವುದೋ ಅದೇ ಕಾರು ನಿಲ್ಲುವ ದೂರವನ್ನು ನಿರ್ಣಯಿಸುತ್ತದೆ.

ಈಗ ಲೆಕ್ಕ ಹಾಕಿ ನೋಡೋಣ. ಗಂಟೆಗೆ 72 ಕಿಲೋಮೀಟರ್ ಎಂದರೆ ಸೆಕೆಂಡಿಗೆ 20 ಮೀಟರ್. ನಿಲ್ಲುವ ದೂರವನ್ನು ಪಡೆಯಲು ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷ ಮತ್ತು ಘರ್ಷಣಾಂಕಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಬೇಕು. ಕಾರಿನ ತೂಕ ಈ ಸೂತ್ರದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಒಣ ಡಾಂಬರು ರಸ್ತೆಯಲ್ಲಿ ಘರ್ಷಣಾಂಕವನ್ನು 0.8 ಎಂದು ಹಿಡಿದರೆ ದೂರ ಸುಮಾರು 25 ಮೀಟರ್. ಒದ್ದೆ ರಸ್ತೆಯಲ್ಲಿ 0.5 ಎಂದರೆ 41 ಮೀಟರ್. ಅಪಾಯವನ್ನು ಕಂಡು ಕಾಲು ಪೆಡಲಿಗೆ ತಲುಪಲು ಒಂದು ಸೆಕೆಂಡು ಹಿಡಿದರೆ, ಬ್ರೇಕು ಹಿಡಿಯುವ ಮೊದಲೇ ಇನ್ನೂ 20 ಮೀಟರ್ ಕಳೆದಿರುತ್ತದೆ.

ದಾವಣಗೆರೆ ಜಿಲ್ಲೆಯ ರಸ್ತೆಗಳಲ್ಲಿ ಓಡಾಡುವವರಿಗೆ ಈ ಘರ್ಷಣಾಂಕದ ಏರಿಳಿತ ಕಣ್ಣಿಗೇ ಕಾಣುತ್ತದೆ. ಸುಗ್ಗಿಯಲ್ಲಿ ಜಗಳೂರಿನ ಕಡೆ ಮೆಕ್ಕೆಜೋಳವನ್ನು ಡಾಂಬರಿನ ಮೇಲೆಯೇ ಒಣಹಾಕುವುದುಂಟು. ಹೊನ್ನಾಳಿ, ನ್ಯಾಮತಿಗಳ ಭತ್ತದ ಗದ್ದೆಗಳಿಂದ ಹೊರಬರುವ ಟ್ರ್ಯಾಕ್ಟರುಗಳು ಹಸಿ ಕೆಸರನ್ನು ರಸ್ತೆಗೆ ಮೆತ್ತುತ್ತವೆ. ಚನ್ನಗಿರಿಯ ಅಡಿಕೆ ಸೀಮೆಯಲ್ಲಿ ಸುಲಿದ ಸಿಪ್ಪೆ ರಸ್ತೆಯ ಬದಿಯಲ್ಲಿ ಬಿದ್ದು ಮಳೆಗೆ ಕೊಳೆಯುತ್ತದೆ. ಜೋಳದ ಕಾಳು ಟಯರಿನ ಕೆಳಗೆ ಗುಂಡುಗಳಂತೆ ಉರುಳುತ್ತದೆ. ಕೆಸರು ಎಣ್ಣೆಯಂತೆ ಜಾರುತ್ತದೆ. ಇಂಥ ಕಡೆ ಘರ್ಷಣಾಂಕವನ್ನು 0.3 ಎಂದು ಇಟ್ಟುಕೊಂಡರೆ ನಿಲ್ಲುವ ದೂರ 68 ಮೀಟರಿಗೆ ಏರುತ್ತದೆ. ಎಷ್ಟೇ ದುಬಾರಿಯ ಪ್ಯಾಡನ್ನು ಹಾಕಿಸಿದರೂ ಇದರಲ್ಲಿ ಒಂದು ಮೀಟರೂ ಕಡಿಮೆಯಾಗದು. ವೇಗವನ್ನು ಅರ್ಧಕ್ಕೆ ಇಳಿಸಿದರೆ ಮಾತ್ರ ದೂರ ಕಾಲುಭಾಗವಾಗುತ್ತದೆ.

ಹಾಗಾದರೆ ಹೆಚ್ಚು ಹಿಡಿತದ ಪ್ಯಾಡಿನಿಂದ ಆಗುವುದೇನು? ಕಾಲಿನ ಶ್ರಮ ಕಡಿಮೆಯಾಗುತ್ತದೆ. ಪ್ಯಾಡಿನ ಘರ್ಷಣಾಂಕ 0.38ರಿಂದ 0.45ಕ್ಕೆ ಏರಿತೆನ್ನೋಣ. ಅಷ್ಟೇ ತಡೆಯನ್ನು ಪಡೆಯಲು ಮೊದಲಿಗಿಂತ ಶೇಕಡಾ 15ರಷ್ಟು ಕಡಿಮೆ ಒತ್ತಡ ಸಾಕು. ‘ಬ್ರೇಕು ಚೆನ್ನಾಗಿ ಹಿಡಿಯುತ್ತದೆ’ ಎಂದು ಚಾಲಕನಿಗೆ ಅನಿಸುವುದು ಇದರಿಂದಲೇ. ಅನಿಸಿಕೆ ಸುಳ್ಳಲ್ಲ, ಆದರೆ ನಿಲ್ಲುವ ದೂರಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಭಾರತದಲ್ಲಿ 2019ರ ಏಪ್ರಿಲಿನಿಂದ ತಯಾರಾಗುವ ಹೊಸ ಕಾರುಗಳಲ್ಲೆಲ್ಲ ಎ.ಬಿ.ಎಸ್. ಏರ್ಪಾಡು ಕಡ್ಡಾಯ. ಚಕ್ರ ಜಾರತೊಡಗಿದೊಡನೆ ಅದು ಬ್ರೇಕನ್ನು ಬಿಟ್ಟುಬಿಟ್ಟು ಹಿಡಿಯುತ್ತದೆ; ಆಗ ಪೆಡಲು ಕಾಲಿನಡಿ ಅದುರುತ್ತದೆ. ಒಣ ರಸ್ತೆಯಲ್ಲಿ ಬಲವಾಗಿ ತುಳಿದಾಗ ಈ ಅದುರು ಬರುವುದಾದರೆ, ಇರುವ ಪ್ಯಾಡು ಆಗಲೇ ಟಯರಿನ ಎಲ್ಲೆಯನ್ನು ಮುಟ್ಟಿದೆ ಎಂದರ್ಥ. ಅಂಥವರು ಪ್ಯಾಡಿಗೆಂದು ಎತ್ತಿಟ್ಟ ಹಣವನ್ನು ಟಯರಿಗೆ ಹಾಕುವುದು ಮೇಲು. ಅದುರು ಬಾರದೆ, ಎಷ್ಟು ತುಳಿದರೂ ಕಾರು ನಿಧಾನವಾಗಿಯೇ ನಿಂತರೆ, ಸವೆದ ಅಥವಾ ಎಣ್ಣೆ ತಗುಲಿದ ಪ್ಯಾಡು, ಸಿಕ್ಕಿಕೊಂಡ ಕ್ಯಾಲಿಪರು ಮುಂತಾದವನ್ನು ಮೊದಲು ನೋಡಿಸಬೇಕು.

ಪ್ಯಾಡಿನ ಆಯ್ಕೆಗೆ ನಿಜವಾದ ಬೆಲೆ ಬರುವುದು ಬೇರೊಂದು ಕಡೆ. ಬ್ರೇಕು ಶಕ್ತಿಯನ್ನು ನಾಶಮಾಡುವುದಿಲ್ಲ, ಉಷ್ಣವಾಗಿ ಮಾರ್ಪಡಿಸುತ್ತದೆ. ಜನ ತುಂಬಿದ 1500 ಕಿಲೋಗ್ರಾಮಿನ ಕಾರು 72 ಕಿಲೋಮೀಟರ್ ವೇಗದಿಂದ ನಿಂತಾಗ 3 ಲಕ್ಷ ಜೂಲ್ ಉಷ್ಣ ಹುಟ್ಟುತ್ತದೆ. ಇದರಲ್ಲಿ ಶೇಕಡಾ 70 ಮುಂದಿನ ಎರಡು ಡಿಸ್ಕುಗಳಿಗೆ ಹೋಯಿತೆಂದೂ ಅವೆರಡರ ತೂಕ 12 ಕಿಲೋಗ್ರಾಂ ಎಂದೂ ಇಟ್ಟುಕೊಂಡರೆ, ಅವುಗಳ ಉಷ್ಣತೆ ಏರುವುದು 40 ಡಿಗ್ರಿಗಿಂತಲೂ ಕಡಿಮೆ. ಜಗಳೂರಿನ ಬಯಲು ರಸ್ತೆಯಲ್ಲಿ ಇದು ಗಾಳಿಗೆ ಬೇಗ ಆರಿಹೋಗುತ್ತದೆ.

ಆದರೆ ಅದೇ ಕಾರು ಹೊನ್ನಾಳಿಯಿಂದಲೋ ನ್ಯಾಮತಿಯಿಂದಲೋ ಹೊರಟು, ಶಿವಮೊಗ್ಗ, ತೀರ್ಥಹಳ್ಳಿಗಳನ್ನು ದಾಟಿ, ಉಡುಪಿಗೆಂದು ಆಗುಂಬೆಯ ಘಾಟಿಯನ್ನು ಇಳಿಯಲಿ. ಇಳಿತವನ್ನು 500 ಮೀಟರ್ ಎಂದು ಹಿಡಿಯೋಣ. ಅಲ್ಲಿ ಬಿಡುಗಡೆಯಾಗುವ ಶಕ್ತಿ 73 ಲಕ್ಷ ಜೂಲ್. ಎಂದರೆ 72 ಕಿಲೋಮೀಟರ್ ವೇಗದಿಂದ 24 ಸಲ ಬಿಡುವಿಲ್ಲದೆ ನಿಲ್ಲಿಸಿದಷ್ಟು. ಇಪ್ಪತ್ತಮೂರು ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಇಷ್ಟು ಶಕ್ತಿ ಸಾಕು. ಎಲ್ಲವನ್ನೂ ಬ್ರೇಕಿನ ಮೇಲೆಯೇ ಹೊರಿಸಿ, ಗಾಳಿಯೂ ತಣಿಸದಿದ್ದರೆ, ಡಿಸ್ಕುಗಳು 900 ಡಿಗ್ರಿಯನ್ನು ದಾಟಬೇಕಾಗುತ್ತದೆ. ವಾಸ್ತವವಾಗಿ ಗಾಳಿ ಬಹುಪಾಲನ್ನು ಒಯ್ಯುತ್ತದೆ. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ನೂ ದೊಡ್ಡ ಪಾಲನ್ನು ಹೊರುತ್ತದೆ. ಪೆಟ್ರೋಲು ಉಳಿಯುತ್ತದೆಂದು ನ್ಯೂಟ್ರಲಿನಲ್ಲಿ ಇಳಿಯುವವರು ಈ ಸಹಾಯವನ್ನು ಕೈಯಾರೆ ಕಳೆದುಕೊಳ್ಳುತ್ತಾರೆ. ಈಗಿನ ಕಾರುಗಳು ಗೇರಿನಲ್ಲಿ ಇಳಿಯುವಾಗ ಎಂಜಿನ್ನಿಗೆ ಇಂಧನ ಕೊಡುವುದನ್ನೇ ನಿಲ್ಲಿಸುವುದರಿಂದ ಅವರೆಣಿಸಿದ ಉಳಿತಾಯವೂ ಇಲ್ಲ!

ಪ್ಯಾಡು ಒಂದೇ ವಸ್ತುವಲ್ಲ. ನಾರು, ಲೋಹದ ಪುಡಿ, ಗ್ರಾಫೈಟು ಮೊದಲಾದುವನ್ನು ರಾಳದಿಂದ ಬೆಸೆದು ಮಾಡಿದ ಮಿಶ್ರಣ ಅದು. ಉಷ್ಣತೆ ಮಿತಿಮೀರಿದಾಗ ರಾಳವು ಒಡೆದು ಅನಿಲವನ್ನು ಬಿಡುತ್ತದೆ, ಘರ್ಷಣೆ ಕುಸಿಯುತ್ತದೆ. ಪೆಡಲು ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲದು. ಈ ಕಷ್ಟ ಮೋಟಾರಿನಷ್ಟೇ ಹಳೆಯದು. 1888ರ ಆಗಸ್ಟಿನಲ್ಲಿ ಬೆರ್ಟಾ ಬೆನ್ಸ್ ಎಂಬಾಕೆ ತನ್ನ ಇಬ್ಬರು ಮಕ್ಕಳೊಡನೆ ಜರ್ಮನಿಯ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಗಂಡ ಕಟ್ಟಿದ ಮೋಟಾರಿನಲ್ಲಿ ಹೋದಾಗ, ಇಳಿಜಾರುಗಳಲ್ಲಿ ಬ್ರೇಕಿನ ಮರದ ತುಂಡುಗಳು ಸವೆದುಹೋದವು. ಆಕೆ ದಾರಿಯಲ್ಲಿ ಒಬ್ಬ ಚಮ್ಮಾರನಿಂದ ಅವಕ್ಕೆ ತೊಗಲು ಹೊಡೆಸಿಕೊಂಡಳು. ಹೊರಗಿನ ಪ್ಯಾಡನ್ನು ಹಾಕಿಸಿಕೊಂಡವರ ಸಾಲಿನಲ್ಲಿ ಆಕೆಯೇ ಮೊದಲಿಗಳೆನ್ನಬಹುದು. ಮುಂದೆ ಬಂದ ಆಸ್ಬೆಸ್ಟಾಸು ಉಷ್ಣವನ್ನು ಚೆನ್ನಾಗಿ ತಾಳುತ್ತಿತ್ತು. ಆದರೆ ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ಸಿದ್ಧವಾದುದರಿಂದ ಅನೇಕ ದೇಶಗಳು ಅದನ್ನು ನಿಷೇಧಿಸಿವೆ. ‘ಆಸ್ಬೆಸ್ಟಾಸ್ ಇಲ್ಲ’ ಎಂದು ಬರೆದಿರುವ ಪ್ಯಾಡನ್ನೇ ಕೇಳಿ ಕೊಳ್ಳಬೇಕು. ಹಳೆಯ ಬ್ರೇಕಿನ ಧೂಳನ್ನು ಗಾಳಿ ಊದಿ ತೆಗೆಯುವ ವಾಡಿಕೆಯನ್ನಂತೂ ಗ್ಯಾರೇಜಿನ ಹುಡುಗರ ಸಲುವಾಗಿಯಾದರೂ ಬಿಡಬೇಕು.

ಅನೇಕ ಪ್ಯಾಡುಗಳ ಬೆನ್ನಿನ ಮೇಲೆಯೋ ಅಂಚಿನಲ್ಲೋ ಎರಡು ಇಂಗ್ಲಿಷ್ ಅಕ್ಷರಗಳು ಅಚ್ಚಾಗಿರುತ್ತವೆ. ಮೊದಲನೆಯದು ಸಾಮಾನ್ಯ ಉಷ್ಣತೆಯಲ್ಲಿನ ಘರ್ಷಣಾಂಕವನ್ನೂ ಎರಡನೆಯದು ಕಾದಾಗಿನ ಘರ್ಷಣಾಂಕವನ್ನೂ ಸೂಚಿಸುತ್ತವೆ. ‘ಇ’ ಎಂದರೆ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45, ‘ಜಿ’ ಎಂದರೆ 0.45ರಿಂದ 0.55. ‘ಜಿಇ’ ಎಂಬ ಪ್ಯಾಡು ಊರೊಳಗೆ ಚುರುಕಾಗಿ ಹಿಡಿದು ಘಾಟಿಯಲ್ಲಿ ಕೈಕೊಡಬಹುದು. ‘ಎಫ್ಎಫ್’ ಪ್ಯಾಡು ಎರಡು ಕಡೆಯೂ ಸಮನಾಗಿ ನಡೆದುಕೊಳ್ಳುತ್ತದೆ. ಘಾಟಿ ಇಳಿಯುವವರು ನೋಡಬೇಕಾದುದು ಎರಡನೆಯ ಅಕ್ಷರವನ್ನು. ಆದರೆ ಪಂದ್ಯದ ಕಾರುಗಳ ಪ್ಯಾಡನ್ನು ಆಸೆಪಟ್ಟು ಹಾಕಿಸುವುದು ತರವಲ್ಲ. ಅವು ಚೆನ್ನಾಗಿ ಹಿಡಿಯುವುದು ಕಾದ ಮೇಲೆ. ಬೆಳಗಿನ ಹೊತ್ತು ಹೊನ್ನಾಳಿಯ ಸಂತೆಬೀದಿಯಲ್ಲಿ ಅಡ್ಡಬಂದ ಎಮ್ಮೆಯ ಮುಂದೆ ಅವು ಸಾಮಾನ್ಯ ಪ್ಯಾಡಿಗಿಂತ ಕಡೆ.

ಒಂದು ಅಚ್ಚಿನ ಎರಡು ಚಕ್ರಗಳಿಗೂ ಒಂದೇ ಬಗೆಯ ಪ್ಯಾಡನ್ನು ಒಟ್ಟಿಗೆ ಹಾಕಿಸಬೇಕು; ಇಲ್ಲವಾದರೆ ಕಾರು ಒಂದು ಮಗ್ಗುಲಿಗೆ ಎಳೆಯುತ್ತದೆ. ಪ್ಯಾಡು ಬದಲಿಸುವಾಗಲೇ ಬ್ರೇಕ್ ಆಯಿಲನ್ನೂ ವಿಚಾರಿಸುವುದು ಒಳ್ಳೆಯದು. ಹೆಸರಿಗೆ ಆಯಿಲಾದರೂ ಅದು ಸಾಮಾನ್ಯವಾಗಿ ಗ್ಲೈಕಾಲ್ ಜಾತಿಯ ದ್ರವ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇವು 230 ಮತ್ತು 155. ದ್ರವ ಕುದಿದರೆ ಕೊಳವೆಯಲ್ಲಿ ಆವಿ ತುಂಬಿ ಪೆಡಲು ಮೆತ್ತಗೆ ತಳಕ್ಕೆ ಇಳಿದುಬಿಡುತ್ತದೆ. ಅಂಥ ಹೊತ್ತಿನಲ್ಲಿ ಯಾವ ಪ್ಯಾಡಿದ್ದೂ ಫಲವಿಲ್ಲ. ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಅದನ್ನು ಬದಲಿಸಬೇಕು.

ಹೊಸ ಪ್ಯಾಡು ಡಿಸ್ಕಿನ ಮೈಗೆ ಹೊಂದಿಕೊಳ್ಳಲು ಒಂದಿಷ್ಟು ಕಾಲ ಬೇಕು. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಬಯಲು ರಸ್ತೆಯಲ್ಲಿ ಹದವಾಗಿ ಬ್ರೇಕು ಹಿಡಿಯುತ್ತ ಓಡಿಸಿ, ಆಮೇಲೆ ಘಾಟಿಗೆ ಹೋಗಬೇಕು. ಪ್ರವಾಸದ ಹಿಂದಿನ ಸಂಜೆ ಪ್ಯಾಡು ಹಾಕಿಸಿಕೊಂಡು ಮರುದಿನವೇ ಆಗುಂಬೆ ಇಳಿಯುವುದು ಸಲ್ಲದು.