ಎರಡು ಸಲ ಒತ್ತಿದರೆ ಆನೆ ಓಡುತ್ತದೆ!

ಕಳೆದ ವರ್ಷ ದಸರಾ ಮುಗಿದ ಮೇಲೆ ನಮ್ಮ ಮನೆಯಲ್ಲಿ ಒಂದು ಆನೆ ಕಾಣೆಯಾಯಿತು.

ನಗಬೇಡಿ. ಏಳನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಶಾಲೆಯ ವಸ್ತುಪ್ರದರ್ಶನಕ್ಕೆಂದು ಕಂಪ್ಯೂಟರಿನಲ್ಲಿ ಜಂಬೂಸವಾರಿ ಮಾಡಲು ಹೊರಟಿದ್ದಳು. ಮೈಸೂರಿನ ಮಕ್ಕಳಿಗೆ ಬೇರೆ ಏನು ಹೊಳೆದೀತು? ಅಂಬಾರಿ ಹೊತ್ತ ಆನೆಯನ್ನು ತಾನೇ ಬರೆದು, ಬಣ್ಣ ಹಚ್ಚಿ, ಅದರ ಚಿತ್ರವನ್ನು ಕಂಪ್ಯೂಟರಿಗೆ ಹಾಕಿಕೊಂಡಿದ್ದಳು. 'ಶುರು' ಎಂಬ ಗುಂಡಿ ಒತ್ತಿದರೆ ಆನೆ ಪರದೆಯ ಎಡದಿಂದ ಬಲಕ್ಕೆ ಗಂಭೀರವಾಗಿ ನಡೆದುಹೋಗಬೇಕು. ಕೆಲಸ ಇಷ್ಟೇ. ಆದರೆ ಪರದೆಯ ಮೇಲೆ ಕಿಟಕಿ ತೆರೆಯಿತು, ಹಸಿರು ಹಿನ್ನೆಲೆ ಬಂತು, ಗುಂಡಿಯೂ ಬಂತು. ಆನೆ ಮಾತ್ರ ಇಲ್ಲ! ತಪ್ಪಾಗಿದೆ ಎಂದು ಹೇಳುವ ಕೆಂಪಕ್ಷರದ ಒಂದು ಸಾಲೂ ಇಲ್ಲ.

"ತಾತ, ಕಂಪ್ಯೂಟರ್ ಕೆಟ್ಟೋಗಿದೆ" ಎಂದು ಮುಖ ಊದಿಸಿಕೊಂಡು ಕೂತಳು.

ನಾನು ಬಿ.ಕಾಂ. ಓದಿ 1975ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದವನು. ನಮ್ಮ ಶಾಖೆಗೆ ಕಂಪ್ಯೂಟರ್ ಬಂದಾಗ ಅದರ ಹತ್ತಿರ ಹೋಗಲು ಹೆದರಿ, ಲೆಡ್ಜರುಗಳ ಹಿಂದೆ ಅಡಗಿದವರಲ್ಲಿ ನಾನೂ ಒಬ್ಬ. ಆದರೆ ಲೆಕ್ಕ ತಾಳೆಯಾಗದಿದ್ದಾಗ ತಪ್ಪು ಹುಡುಕುವ ಕೆಲಸವನ್ನು ಮೂವತ್ತಾರು ವರ್ಷ ಮಾಡಿದ್ದೇನೆ. ಆ ಧೈರ್ಯದಲ್ಲಿ ಹೇಳಿದೆ, "ಕಂಪ್ಯೂಟರ್ ಕೆಟ್ಟಿಲ್ಲ ಪುಟ್ಟಿ. ನೀನು ಅಂದುಕೊಂಡಿದ್ದಕ್ಕೂ ಅದಕ್ಕೆ ಹೇಳಿದ್ದಕ್ಕೂ ಎಲ್ಲೋ ವ್ಯತ್ಯಾಸ ಬಂದಿದೆ. ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ತಗೊಂಡು ಬಾ."

ಪತಂಗ ಸಿಕ್ಕ ಕಥೆ

ಪ್ರೋಗ್ರಾಮಿನಲ್ಲಿರುವ ತಪ್ಪಿಗೆ 'ಬಗ್' ಎನ್ನುತ್ತಾರೆ. ಬಗ್ ಎಂದರೆ ಹುಳ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್-2 ಎಂಬ ಕಂಪ್ಯೂಟರಿನೊಳಗೆ ನಿಜವಾಗಿಯೇ ಒಂದು ಪತಂಗ ಸಿಕ್ಕಿಕೊಂಡಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದವರು ಅದನ್ನು ತೆಗೆದು ದಿನಚರಿ ಪುಸ್ತಕದ ಹಾಳೆಗೆ ಅಂಟಿಸಿ, ವಿವರ ಬರೆದಿಟ್ಟರು. ಆ ತಂಡದಲ್ಲಿದ್ದ ಗ್ರೇಸ್ ಹಾಪರ್ ಎಂಬ ಗಣಿತಜ್ಞೆ ಈ ಕಥೆಯನ್ನು ಮುಂದೆ ಎಲ್ಲರಿಗೂ ಹೇಳುತ್ತಿದ್ದರು. ಯಂತ್ರದ ದೋಷಕ್ಕೆ ಹುಳ ಎನ್ನುವ ವಾಡಿಕೆ ಅದಕ್ಕೂ ಹಿಂದಿನದು. ಥಾಮಸ್ ಎಡಿಸನ್ 1878ರಷ್ಟು ಹಿಂದೆಯೇ ಆ ಪದ ಬಳಸಿದ್ದ. ನನಗೆ ಹಿಡಿಸಿದ್ದು ಮಾತ್ರ ಪತಂಗವಲ್ಲ, ಅದನ್ನು ಅಂಟಿಸಿದ ಪುಸ್ತಕ. ಸಿಕ್ಕ ತಪ್ಪನ್ನು ಅವರು ಬರೆದಿಟ್ಟರು ನೋಡಿ! ನಾವೂ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಬರೆದೆವು: 'ತಪ್ಪು 1. ಆನೆ ಕಾಣುತ್ತಿಲ್ಲ.'

ಹೆಸರಿಲ್ಲದ ಆನೆ

ಮೊಮ್ಮಗಳು ಬಳಸುತ್ತಿದ್ದದ್ದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ. ಪರದೆಯ ಮೇಲೆ ಕಿಟಕಿ, ಗುಂಡಿ, ಚಿತ್ರಗಳನ್ನು ಮೂಡಿಸಲು ಅದರಲ್ಲಿ ಟಿಕೆ-ಇಂಟರ್ ಎಂಬ ಸಾಮಗ್ರಿಯಿದೆ. ಅವಳ ಪಾಠದ ಪುಸ್ತಕದಲ್ಲಿ ಚೆಂಡಿನ ಚಿತ್ರ ತೋರಿಸುವ ಒಂದು ಪುಟ್ಟ ಪ್ರೋಗ್ರಾಮ್ ಇತ್ತು, ಅದು ಸರಿಯಾಗಿ ಓಡುತ್ತಿತ್ತು. ಬ್ಯಾಂಕಿನಲ್ಲಿ ನಾವು ಒಬ್ಬರು ವೋಚರ್ ಓದುವುದು, ಇನ್ನೊಬ್ಬರು ಲೆಡ್ಜರಿನಲ್ಲಿ ಟಿಕ್ ಹಾಕುವುದು ಮಾಡುತ್ತಿದ್ದೆವು. ಹಾಗೆಯೇ ನಾನು ಪುಸ್ತಕದ ಸಾಲು ಓದಿದೆ, ಅವಳು ತನ್ನ ಸಾಲಿಗೆ ಟಿಕ್ ಹಾಕಿದಳು. ಚಿತ್ರವನ್ನು ಕಡತದಿಂದ ತರುವ ಸಾಲಿಗೆ ಬಂದಾಗ ಪೆನ್ಸಿಲ್ ನಿಂತಿತು. ಪುಸ್ತಕದಲ್ಲಿ ಆ ಸಾಲು ಹೊರಗಿತ್ತು. ಇವಳು ಅದನ್ನು 'ಆನೆ ತೋರಿಸು' ಎಂಬ ಒಂದು ಫಂಕ್ಷನ್ನಿನ ಒಳಗೆ ಬರೆದಿದ್ದಳು. ಹೊರಗೆ ತಂದ ಕೂಡಲೇ ಆನೆ ಪ್ರತ್ಯಕ್ಷ!

ಕಾರಣವನ್ನು ಮರುದಿನ ಅವಳ ಕಂಪ್ಯೂಟರ್ ಟೀಚರ್ ವಿವರಿಸಿದರು. ಫಂಕ್ಷನ್ ಎಂದರೆ ಒಂದು ಕೆಲಸಕ್ಕೆ ಬೇಕಾದ ಸಾಲುಗಳ ಕಟ್ಟು. ಅದರೊಳಗೆ ಇಟ್ಟ ಹೆಸರುಗಳು ಆ ಕೆಲಸ ಮುಗಿಯುವ ತನಕ ಮಾತ್ರ. ಹೆಸರು ಹೋದ ಮೇಲೆ ಆ ಚಿತ್ರವನ್ನು ಹಿಡಿದುಕೊಂಡವರು ಯಾರೂ ಉಳಿಯುವುದಿಲ್ಲ. ಯಾರದ್ದೂ ಅಲ್ಲದ ವಸ್ತುವನ್ನು ಪೈಥಾನ್ ಗುಡಿಸಿ ಹೊರಗೆ ಹಾಕುತ್ತದೆ. ಕಸ ಗುಡಿಸುವುದು ತಪ್ಪಲ್ಲವಲ್ಲ, ಅದಕ್ಕೇ ದೂರಿನ ಸಂದೇಶ ಬರಲಿಲ್ಲ.

ಕಲ್ಲಾದ ಕಿಟಕಿ

ಸಂಭ್ರಮದಿಂದ 'ಶುರು' ಒತ್ತಿದಳು. ಆನೆ ಹೆಜ್ಜೆಯಿಡಲಿಲ್ಲ. ಕಿಟಕಿಯೇ ಕಲ್ಲಾಯಿತು. ಒತ್ತಿದ ಗುಂಡಿ ಮೇಲೆ ಬರಲಿಲ್ಲ, ಮುಚ್ಚೋಣವೆಂದರೆ ಮುಚ್ಚಲಿಲ್ಲ. ಹತ್ತು ಸೆಕೆಂಡು ಕಳೆದ ಮೇಲೆ ಒಮ್ಮೆಲೇ ಪರದೆಯ ತುಂಬ ಒಂದಕ್ಕೊಂದು ಅಂಟಿಕೊಂಡ ಆನೆಗಳ ಉದ್ದನೆಯ ಗೋಡೆ!

ಇಲ್ಲಿ ಎರಡು ತಪ್ಪು ಒಟ್ಟಿಗೆ ಬಂದಿದ್ದವು. ಅವಳು ಎರಡನ್ನೂ ಒಟ್ಟಿಗೆ ತಿದ್ದಲು ಹೊರಟಳು, ನಾನು ತಡೆದೆ. ಒಂದೇ ಸಲಕ್ಕೆ ನಾಲ್ಕು ಕಡೆ ಕೈಹಾಕಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದಿಲ್ಲ.

ಮೊದಲು ಆನೆಗಳ ಗೋಡೆ. ಅವಳು ಪ್ರತಿ ಹೆಜ್ಜೆಗೂ 'ಹೊಸ ಆನೆ ಬರೆ' ಎಂದಿದ್ದಳು. ಹಳೆಯದನ್ನು ಅಳಿಸು ಎಂದು ಹೇಳದಿದ್ದರೆ ಕಂಪ್ಯೂಟರ್ ಯಾಕೆ ಅಳಿಸೀತು? 250 ಹೆಜ್ಜೆಗೆ 250 ಆನೆ. ಒಂದೇ ಆನೆ ಬರೆದು, ಆಮೇಲೆ 'ಅದನ್ನೇ ನಾಲ್ಕು ಚುಕ್ಕಿ ಬಲಕ್ಕೆ ಸರಿಸು' ಎಂದು ತಿದ್ದಿದಾಗ ಗೋಡೆ ಹೋಯಿತು.

ಇನ್ನು ಕಲ್ಲಾದ ಕಿಟಕಿ. ಎರಡು ಹೆಜ್ಜೆಗಳ ನಡುವೆ ಸ್ವಲ್ಪ ತಡವಾಗಲಿ ಎಂದು ಅವಳು 'ಸ್ಲೀಪ್' ಎಂಬ ಆಜ್ಞೆ ಹಾಕಿದ್ದಳು. ಸ್ಲೀಪ್ ಎಂದರೆ ನಿದ್ದೆ. ಗುಂಡಿ ಒತ್ತಿದ್ದನ್ನು ಗಮನಿಸುವುದು, ಚಿತ್ರ ಬದಲಿಸುವುದು, ಕಿಟಕಿ ಮುಚ್ಚುವುದು ಎಲ್ಲವನ್ನೂ ಒಬ್ಬನೇ ಕೆಲಸಗಾರ ಸರದಿಯ ಮೇಲೆ ಮಾಡುತ್ತಾನೆ ಎಂದುಕೊಳ್ಳಿ. ಕೌಂಟರಿನಲ್ಲಿರುವ ಒಬ್ಬನೇ ಗುಮಾಸ್ತ ಒಂದು ಗಿರಾಕಿಯ ಕೆಲಸದ ನಡುನಡುವೆ ತೂಕಡಿಸುತ್ತ ಕೂತರೆ ಸಾಲಿನಲ್ಲಿ ನಿಂತವರ ಗತಿ ಏನು? ಇಲ್ಲೂ ಹಾಗೇ ಆಗಿತ್ತು. 250 ಹೆಜ್ಜೆ ಮುಗಿಯುವವರೆಗೆ ಪರದೆ ಬದಲಿಸಲು ಅವನಿಗೆ ಬಿಡುವೇ ಸಿಕ್ಕಿರಲಿಲ್ಲ.

ಪರಿಹಾರ 'ಆಫ್ಟರ್' ಎಂಬ ಆಜ್ಞೆ. ಒಂದು ಹೆಜ್ಜೆ ಇಡು, 40 ಮಿಲಿಸೆಕೆಂಡು ಆದ ಮೇಲೆ ನನ್ನನ್ನು ಮತ್ತೆ ಕರೆ, ಅಲ್ಲಿಯವರೆಗೆ ಬೇರೆ ಕೆಲಸ ನೋಡಿಕೋ ಎಂದು ಅದರ ಅರ್ಥ. ಒಂದು ಸೆಕೆಂಡಿಗೆ 1000 ಮಿಲಿಸೆಕೆಂಡು. ಆದ್ದರಿಂದ ಸೆಕೆಂಡಿಗೆ 25 ಹೆಜ್ಜೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಅಷ್ಟು ವೇಗಕ್ಕೆ ನಮ್ಮ ಕಣ್ಣು ಮೋಸಹೋಗಿ ಬಿಡಿ ಬಿಡಿ ಚಿತ್ರಗಳನ್ನು ಒಂದೇ ನಡಿಗೆಯಾಗಿ ಕಾಣುತ್ತದೆ. ಈಗ ನಮ್ಮ ಆನೆ ನಡೆಯಿತು. ಅಡುಗೆಮನೆಯಿಂದ ಅವಳ ಅಜ್ಜಿಯೂ ಬಂದು ನೋಡಿ, "ಬಾಲ ಸ್ವಲ್ಪ ಉದ್ದ ಆಯ್ತು ಕಣೇ" ಎಂದಳು.

ಚೀಟಿ ಅಂಟಿಸಿದರೆ ಸಾಕೆ?

ಪ್ರದರ್ಶನದ ಹಿಂದಿನ ರಾತ್ರಿ ಒಂಬತ್ತೂವರೆಗೆ ಕೊನೆಯ ಹುಳ ಹೊರಬಿತ್ತು. 'ಶುರು' ಗುಂಡಿಯನ್ನು ಎರಡು ಸಲ ಒತ್ತಿದರೆ ಆನೆ ಓಡುತ್ತಿತ್ತು. ಮೂರು ಸಲ ಒತ್ತಿದರೆ ಇನ್ನೂ ಜೋರು! ನಿಜವಾದ ಚಿನ್ನದ ಅಂಬಾರಿ ಸುಮಾರು 750 ಕಿಲೋ ತೂಗುತ್ತದೆ. ಅದನ್ನು ಹೊತ್ತ ಆನೆ ಹೀಗೆ ಓಡಿದರೆ ನೋಡಿದವರು ಏನೆಂದಾರು?

ಮೊಮ್ಮಗಳು ಸೋತುಹೋಗಿದ್ದಳು. ಕಣ್ಣಲ್ಲಿ ನೀರಿತ್ತು. "ಬಿಡು ತಾತ. 'ದಯವಿಟ್ಟು ಒಂದೇ ಸಲ ಒತ್ತಿ' ಅಂತ ಚೀಟಿ ಬರೆದು ಅಂಟಿಸ್ತೀನಿ" ಎಂದಳು.

ಆ ಮಾತು ಕೇಳಿ ನನಗೆ ನನ್ನದೇ ಒಂದು ರಾತ್ರಿ ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸತು. ಉಳಿತಾಯ ಖಾತೆಗಳ ಲೆಡ್ಜರ್ ತಾಳೆ ನೋಡಿದರೆ 54 ರೂಪಾಯಿ ಕಡಿಮೆ. ರಾತ್ರಿಯಾದರೂ ಸಿಗಲಿಲ್ಲ. "ಸಸ್ಪೆನ್ಸ್ ಖಾತೆಗೆ ಹಾಕಿ ಮುಗಿಸೋಣ ಸಾರ್" ಎಂದೆ. ಲೆಕ್ಕ ಸಿಗದ ಹಣವನ್ನು ತಾತ್ಕಾಲಿಕವಾಗಿ ತಳ್ಳುವ ಖಾತೆ ಅದು. ನಮ್ಮ ಹಿರಿಯ ಅಧಿಕಾರಿ ಬೈಯಲಿಲ್ಲ. "54ನ್ನು ಒಂಬತ್ತರಿಂದ ಭಾಗಿಸಿ ನೋಡಪ್ಪ" ಎಂದರು. ಶೇಷ ಉಳಿಯಲಿಲ್ಲ. "ಹಾಗಾದರೆ ಎಲ್ಲೋ ಅಂಕಿ ಹಿಂದುಮುಂದಾಗಿರಬಹುದು, ಹುಡುಕು." ಅರ್ಧ ಗಂಟೆಯಲ್ಲಿ ಸಿಕ್ಕಿತು. ಹೂ ಮಾರುವ ಮುದುಕಿಯೊಬ್ಬರು ಕಟ್ಟಿದ್ದ 93 ರೂಪಾಯಿಯನ್ನು ನಾನೇ 39 ಎಂದು ಬರೆದಿದ್ದೆ. ಆ ದಿನ ನಾನು ಮನೆಗೆ ಹೋಗಿಬಿಟ್ಟಿದ್ದರೆ ಬ್ಯಾಂಕಿನ ಲೆಕ್ಕ ಸರಿಯಾಗಿ ಕಾಣುತ್ತಿತ್ತು, ಆಕೆಯ ಖಾತೆಯಲ್ಲಿ ಮಾತ್ರ 54 ರೂಪಾಯಿ ಕಡಿಮೆ ಇರುತ್ತಿತ್ತು.

ಮಕ್ಕಳೇ, ಯಾವುದೇ ಎರಡಂಕಿಯ ಸಂಖ್ಯೆಯನ್ನು ತಿರುಗಿಸಿ ಬರೆದು ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. 72ರಲ್ಲಿ 27 ಹೋದರೆ 45. 81ರಲ್ಲಿ 18 ಹೋದರೆ 63. ಉತ್ತರ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಇರುತ್ತದೆ. ತಪ್ಪು ತಾನು ಎಲ್ಲಿದ್ದೇನೆಂದು ತಾನೇ ಸುಳಿವು ಕೊಡುತ್ತದೆ.

ಇದನ್ನು ಮೊಮ್ಮಗಳಿಗೆ ಹೇಳಿ, "ಆನೆ ಏನು ಸುಳಿವು ಕೊಡ್ತಿದೆ, ಅಳತೆ ಮಾಡಿ ನೋಡೋಣ" ಎಂದೆ. ಗಡಿಯಾರ ಹಿಡಿದು ಕೂತೆವು. ಒಂದು ಸಲ ಒತ್ತಿದರೆ ಪರದೆ ದಾಟಲು ಸುಮಾರು 10 ಸೆಕೆಂಡು. ಎರಡು ಸಲಕ್ಕೆ 5. ಮೂರು ಸಲಕ್ಕೆ ಮೂರಕ್ಕಿಂತ ತುಸು ಹೆಚ್ಚು. ನೋಟ್‌ಬುಕ್ಕಿನಲ್ಲಿ ಬರೆದ ಮೂರು ಸಂಖ್ಯೆಗಳನ್ನು ದಿಟ್ಟಿಸುತ್ತಿದ್ದವಳು ಕೂಗಿದಳು, "ತಾತ, ಹತ್ತನ್ನ ಒತ್ತಿದ ಸಲದಿಂದ ಭಾಗಿಸಿದ ಹಾಗಿದೆ! ಪ್ರತಿ ಸಲ ಒತ್ತಿದಾಗಲೂ ಇನ್ನೊಬ್ಬ ಮಾವುತ ಬಂದು ಅದೇ ಆನೇನ ಎಳೀತಿದ್ದಾನೆ!"

ಅದೇ ನಿಜ. ಮೊದಲ 'ಮತ್ತೆ ಕರೆ' ಇನ್ನೂ ನಡೆಯುತ್ತಿರುವಾಗಲೇ ಎರಡನೆಯದು ಶುರುವಾಗುತ್ತಿತ್ತು. 'ನಡೆಯುತ್ತಿದೆ' ಎಂಬ ಒಂದು ಗುರುತು ಇಟ್ಟು, ಆನೆ ಆಗಲೇ ನಡೆಯುತ್ತಿದ್ದರೆ ಹೊಸದಾಗಿ ಹೊರಡಿಸಬೇಡ ಎಂದು ಎರಡು ಸಾಲು ಸೇರಿಸಿದಳು. ಓಟ ನಿಂತಿತು. ಆದರೆ ಒಮ್ಮೆ ಪರದೆ ದಾಟಿದ ಆನೆ ಮತ್ತೆ ಹೊರಡಲೇ ಇಲ್ಲ! ಗುರುತನ್ನು ಕೊನೆಯಲ್ಲಿ ತೆಗೆಯುವುದು ಮರೆತಿತ್ತು. ಒಂದು ತಪ್ಪು ತಿದ್ದುವಾಗ ಇನ್ನೊಂದು ಹುಟ್ಟುವುದುಂಟು; ಅದಕ್ಕೇ ನೋಟ್‌ಬುಕ್ಕಿನ ಹಳೆಯ ತಪ್ಪುಗಳನ್ನೆಲ್ಲ ಮೊದಲಿನಿಂದ ಇನ್ನೊಮ್ಮೆ ಪರೀಕ್ಷಿಸಿದೆವು. ಮಲಗುವಾಗ ಹನ್ನೊಂದು ದಾಟಿತ್ತು. ಅಜ್ಜಿಯಿಂದ ಇಬ್ಬರಿಗೂ ಬೈಗುಳ.

ಮರುದಿನ ಪ್ರದರ್ಶನದಲ್ಲಿ ಒಂದನೇ ತರಗತಿಯ ಹುಡುಗನೊಬ್ಬ ಬಂದ. ಬಂದವನೇ ಗುಂಡಿಯನ್ನು ಟಕಟಕ ಎಂದು ಏಳೆಂಟು ಸಲ ಒತ್ತಿದ. ಮೊಮ್ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಆನೆ ತನ್ನ ಪಾಡಿಗೆ ತಾನು, ಹತ್ತು ಸೆಕೆಂಡು ತೆಗೆದುಕೊಂಡು ನಡೆದುಹೋಯಿತು. ಹುಡುಗ ಚಪ್ಪಾಳೆ ತಟ್ಟಿದ. ಓದಲು ಬಾರದ ಆ ಪುಟ್ಟ ಕೈಗೆ ನಮ್ಮ ಚೀಟಿ ಏನು ಹೇಳುತ್ತಿತ್ತು?

ನೀವೂ ಮಾಡಿ ನೋಡಿ

* ಪೈಥಾನ್ ಉಚಿತವಾಗಿ ಸಿಗುತ್ತದೆ. ಆನೆಯೇ ಆಗಬೇಕೆಂದಿಲ್ಲ, ಒಂದು ಚೆಂಡು ಸಾಕು.
* ಅಜ್ಜ ಅಜ್ಜಿಯರೇ, ನಿಮಗೆ ಕಂಪ್ಯೂಟರ್ ಬರಬೇಕಿಲ್ಲ. ಸಾಲು ಓದಿ, ಮಕ್ಕಳು ಟಿಕ್ ಹಾಕಲಿ.
* ತಪ್ಪು ಕಂಡ ಕೂಡಲೇ ಬರೆಯಿರಿ: ಏನು ಮಾಡಿದೆವು, ಏನಾಗಬೇಕಿತ್ತು, ಏನಾಯಿತು.
* ಒಂದು ಸಲಕ್ಕೆ ಒಂದೇ ಬದಲಾವಣೆ.
* ಎಣಿಸಬಹುದಾದದ್ದನ್ನು ಎಣಿಸಿ, ಅಳೆಯಬಹುದಾದದ್ದನ್ನು ಅಳೆಯಿರಿ.

ನಮ್ಮ ನೋಟ್‌ಬುಕ್ಕಿನಲ್ಲಿ ಈಗ ಹದಿನೇಳು ತಪ್ಪುಗಳಿವೆ. ಹದಿನೇಳನೆಯದು ನಿನ್ನೆಯದು. ಪಂಜು ಎತ್ತು ಎಂದರೆ ಸವಾರ ಕೆಳಗೆ ಇಳಿಸುತ್ತಿದ್ದಾನೆ. ಕಂಪ್ಯೂಟರ್ ಪರದೆಯಲ್ಲಿ ಸೊನ್ನೆ ಇರುವುದು ಮೇಲಿನ ಎಡ ಮೂಲೆಯಲ್ಲಿ, ಕೆಳಗೆ ಹೋದಂತೆ ಸಂಖ್ಯೆ ಹೆಚ್ಚುತ್ತದೆ. ಅದನ್ನು ಕಂಡುಹಿಡಿದದ್ದು ಮೊಮ್ಮಗಳು, ಬರೆದಿಟ್ಟದ್ದು ನಾನು.